ಹಾಲಿನ ಕ್ಯಾನಿನಲ್ಲಿ ಬಂದ ಮೀನು

ಜೂನ್ 14, 2022. ಮಂಗಳವಾರ.

ಕೋಳಿ ಬಿಟ್ಟೆ. ಕಾಫಿ ಇಟ್ಟೆ. ಇವತ್ತೂ ಎರಡು ಕಪ್ ತೆಗೆದಿಟ್ಟೆ, ಥೂ... ನನ್ನ ಗಂಡ ತ್ಸಿರಿಲ್ ತೀರಿಹೋಗಿ ಏಳು ತಿಂಗಳಾಯಿತು. ಕೈಗೆ ಇನ್ನೂ ಗೊತ್ತಾಗಿಲ್ಲ. ಎರಡನೇ ಕಪ್ ಝ್ಮಾಗೋ ಕುಡಿದ. ಮೀನುಗಾರರ ಸಂಘದ ಅಧ್ಯಕ್ಷ, ತ್ಸಿರಿಲ್‌ನ ಗೆಳೆಯ, ಕರೆಯದೆ ಬರುವವನು. ಜೊತೆಗೆ ಮೀನಿನ ವಂಶ ಪರೀಕ್ಷೆ ಮಾಡಲು ಲ್ಯುಬ್ಲಿಯಾನ ಪಟ್ಟಣದಿಂದ ಬಂದ ಹುಡುಗಿ, ನೇಯಾ. ಬೆನ್ನಿಗೆ ಬ್ಯಾಟರಿ, ಕೈಯಲ್ಲಿ ಕೋಲು.

"ಅತ್ತಿಗೆ, ನಮ್ ಯೆಲೆಂಕ್ ಹಳ್ಳದ ಮೀನಿಗೆ ಜಾತಕ ಬರೆಸ್ತಿದೀವಿ!"

ಜಲಪಾತದ ಮೇಲಿನ ಮಡುವಿಗೆ ನಾನೂ ಹೋದೆ. ಮನೆಯಲ್ಲಿ ಕೂರಲಾಗಲಿಲ್ಲ. ಕೋಲಿನ ಕರೆಂಟಿಗೆ ಮೀನು ತೇಲಿಬಂದವು. ಬಕೆಟ್ಟಿನ ನೀರಿಗೆ ಲವಂಗದ ಎಣ್ಣೆ, ಮಂಪರು ಬರಲಿ ಅಂತ. ಇಡೀ ಹಳ್ಳ ಕ್ರಿಸ್ಮಸ್ ಅಡುಗೆಮನೆಯ ವಾಸನೆ. ರೆಕ್ಕೆಯ ತುದಿ ಅಕ್ಕಿಕಾಳಿನಷ್ಟು ಕತ್ತರಿಸಿ ಶೀಶೆಗೆ ಹಾಕಿದಳು. ನಮ್ಮ ಟ್ರೌಟ್ ಮೀನು. ಮೈತುಂಬ ಅಮೃತಶಿಲೆಯ ಗೀರು, ಕಿವಿರಿನ ಮೇಲೆ ಆ ಹಸಿರು... ಕಣ್ಣು ತುಂಬಿತು.

"ಯಾಕಮ್ಮ ಅಳ್ತೀರಿ? ಅವಕ್ಕೆ ನೋವಾಗಲ್ಲ."

"ಲವಂಗ ಕಣ್ಣಿಗೆ ಹೊಡೀತು ಕಣೇ. ನಿನ್ ಕೆಲ್ಸ ನೋಡ್ಕೋ."

ಸಂಜೆ, ಆರು.

ಈ ಪುಸ್ತಕಕ್ಕಾದರೂ ಹೇಳಬೇಕು. ಯೆಲೆಂಕಿನಲ್ಲಿ ಜಲಪಾತದ ಮೇಲೆ ಮೀನೇ ಇರಲಿಲ್ಲ. 1975ರ ಏಪ್ರಿಲ್, ನಾನು ಈ ಮನೆಗೆ ಮದುವೆಯಾಗಿ ಬಂದ ದಿನ. ಗಾಡಿಯಲ್ಲಿ ಪೆಟ್ಟಿಗೆ, ತೊಟ್ಟಿಲು, ಹಾಸಿಗೆ. ಅದರ ಹಿಂದೆ ಅಪ್ಪ, ಬೆನ್ನಿಗೆ ಹಾಲಿನ ಕ್ಯಾನ್. ನನ್ನ ತವರು ಲಿಪ್ನಿಕ್‌ನಿಂದ ಕಣಿವೆ ದಾಟಿ ಆರು ಗಂಟೆ ನಡಿಗೆ. ಸಿಕ್ಕಿದ ಒರತೆಯಲ್ಲೆಲ್ಲ ನೀರು ಬದಲಾಯಿಸಿ, ಕ್ಯಾನಿಗೆ ಹಿಮ ತುರುಕಿ. ಒಳಗೆ ನಮ್ಮ ಹಳ್ಳದ ಹನ್ನೊಂದು ಮೀನು. ನಿಶ್ಚಿತಾರ್ಥಕ್ಕೆ ಬಂದಾಗ ನಾನು ಆ ಬರಿದು ಮಡು ನೋಡಿ "ಇಲ್ಲಿ ನೀರಿಗೆ ಜೀವಾನೇ ಇಲ್ಲ" ಅಂತ ಅತ್ತಿದ್ದೆ. ಅಪ್ಪ ಅದನ್ನು ಮರೆತಿರಲಿಲ್ಲ.

ಎರಡು ದಾರಿಯಲ್ಲೇ ಸತ್ತಿದ್ದವು. ಅವನ್ನು ಹುರಿದು ಪೊಲೆಂಟಾ, ಅಂದರೆ ಜೋಳದ ಹಿಟ್ಟಿನ ಮುದ್ದೆಯ ಜೊತೆ ಬಡಿಸಿದೆ. ಈ ಮನೆಯಲ್ಲಿ ನನ್ನ ಮೊದಲ ಅಡುಗೆ. ತ್ಸಿರಿಲ್ ಮುಳ್ಳು ತೆಗೆಯುತ್ತಾ, "ಮೀನು ಕೊಟ್ಟು ಮಗಳನ್ನ ಸಾಗಹಾಕಿದ್ರಲ್ಲ ಮಾವ!" ಅಂದ. ಅಪ್ಪ ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಉಳಿದ ಒಂಬತ್ತನ್ನು ನಾವು ಮೂವರೇ ಹೋಗಿ ಮಡುವಿಗೆ ಬಿಟ್ಟೆವು.

ಮರುವರ್ಷ ಮೇ ತಿಂಗಳ ಭೂಕಂಪ. ಗುಡ್ಡ ಕುಸಿದು ಲಿಪ್ನಿಕ್ ಹಳ್ಳ ಮುಚ್ಚಿಹೋಯಿತು. ಮೀನೂ ಹೋದವು, ನಮ್ಮ ಮನೆಯೂ ಹೋಯಿತು. ಪುಣ್ಯ, ಜನ ಉಳಿದರು.

ಆಮೇಲೆ ತ್ಸಿರಿಲ್ ಹಳ್ಳದ ಕಾವಲುಗಾರನಾದ. ಬೇರೆ ನೀರಿನ ಮೀನು ತಂದು ಬಿಡಬಾರದು, ಅದು ಅವನ ಮೊದಲ ನಿಯಮ. ಇದೇ ಝ್ಮಾಗೋ ಎಂಬತ್ತೆಂಟರಲ್ಲಿ ಒಂದು ಬಕೆಟ್ ಪರದೇಶದ ಮೀನುಮರಿ ಕೆಳಗಿನ ಹೊಳೆಗೆ ಬಿಟ್ಟ. ಊರೆಲ್ಲರ ಮುಂದೆ ಅವನ ಗಾಳಕೋಲು ಕಿತ್ತುಕೊಂಡು ಒಂದು ವರ್ಷ ಕೊಡಲಿಲ್ಲ, ನನ್ನ ಗಂಡ ಮಹಾನುಭಾವ! ಆ ರಾತ್ರಿ ನನಗೆ, "ಒತೀಲಿಯಾ, ಆ ಕ್ಯಾನಿನ ವಿಷಯ ನಾನು ಸತ್ತ ಮೇಲೂ ಬಾಯಿ ಬಿಡಬೇಡ." ಮಾತು ಕೊಟ್ಟೆ.

ಸೆಪ್ಟೆಂಬರ್ 20

ನೇಯಾ ಬಂದಿದ್ದಳು. ಸಿಹಿ ಕಡುಬು ಮಾಡಿದ್ದೆ, ನಾಲ್ಕು ತಿಂದಳು. ಓದಿದ ಹುಡುಗಿ, ತಿನ್ನುವುದಕ್ಕೆ ನಾಚಿಕೆಯಿಲ್ಲ. ಇಷ್ಟವಾದಳು.

"ಒತೀಲಿಯಮ್ಮಾ, ಒಂದೊಂದು ಹಳ್ಳದ ಮೀನಿಗೂ ಒಂದೊಂದು ವಂಶ. ಗುಡ್ಡ ಅಡ್ಡ, ಜಲಪಾತ ಅಡ್ಡ, ಬೆರೆಯೋಕೇ ಆಗಿಲ್ಲ. ಆದ್ರೆ ನಿಮ್ಮ ಯೆಲೆಂಕಿನವು ಅಕ್ಕಪಕ್ಕದ ಯಾವ ಹಳ್ಳಕ್ಕೂ ಹೋಲಲ್ಲ. ಒಂದು ಹನಿ ಬೆರಕೆ ಇಲ್ಲ. ಮತ್ತೆ ತಮ್ಮತಮ್ಮೊಳಗೆ ಎಲ್ಲಾ ಒಂದೇ ಅಚ್ಚು. ಯಾವ ಕಾಲದಲ್ಲೋ ಏಳೆಂಟು ಮೀನಿಂದ ಶುರುವಾಗಿರ್ಬೇಕು."

ಒಂಬತ್ತು ಕಣೇ, ಒಂಬತ್ತು. ನಾಲಿಗೆ ಕಚ್ಚಿಕೊಂಡೆ.

ಝ್ಮಾಗೋಗೆ ಹಿಗ್ಗೋ ಹಿಗ್ಗು. "ಹಿಮಯುಗದ ಮೀನು ಅತ್ತಿಗೆ! ಮಡುವಿನ ಹತ್ರ ಕಲ್ಲು ನಿಲ್ಲಿಸ್ತೀವಿ. ಯೆಲೆಂಕಿನ ಮೂಲ ಮೀನನ್ನ ಕಾಪಾಡಿದವನು ಅಂತ ತ್ಸಿರಿಲ್ ಹೆಸರು ಕೆತ್ತಿಸ್ತೀವಿ."

ಆಮೇಲೆ ನೇಯಾ ಹೇಳಿದ್ದು. ಲಿಪ್ನಿಕ್‌ನಲ್ಲಿ ಹತ್ತು ವರ್ಷದಿಂದ ಮತ್ತೆ ನೀರು ಹರಿಯುತ್ತಿದೆ. ಮೀನು ಬಿಡುತ್ತಾರಂತೆ. "ಅಲ್ಲಿಯ ಮೂಲ ವಂಶ ಅಳಿದುಹೋಯ್ತು, ಪಾಪ. ಪಕ್ಕದ ಕಣಿವೇದು ತಂದು ಬಿಡ್ತೀವಿ."

ಕಡುಬಿನ ತಟ್ಟೆ ಕೈಯಿಂದ ಜಾರಿತು.

ಸೆಪ್ಟೆಂಬರ್ 21

ಗೋಡೆಯ ಮೇಲೆ ತ್ಸಿರಿಲ್ ಫೋಟೋ. ಅದರ ಪಕ್ಕ ಹಲಗೆಗೆ ಹೊಡೆದ ಒಣ ಮೀನಿನ ತಲೆ. ಲಿಪ್ನಿಕ್, 1961, ಅಪ್ಪ ಹಿಡಿದದ್ದು. ಇಬ್ಬರೂ ನನ್ನನ್ನೇ ನೋಡುತ್ತಾರೆ. ಹೇಳಿದರೆ ಇವನ ಹೆಸರು ಮಣ್ಣುಪಾಲು. ಹೇಳದಿದ್ದರೆ ಅಪ್ಪನ ಹಳ್ಳದಲ್ಲಿ ಯಾರದೋ ಮೀನು, ಶಾಶ್ವತವಾಗಿ. ಮಾತು ಯಾಕೆ ತೆಗೆದುಕೊಂಡೆಯೋ ಮಾರಾಯ!

ಅಕ್ಟೋಬರ್ 8. ಶನಿವಾರ.

ಹೇಳಿಬಿಟ್ಟೆ. ಸಂಘದ ಸಭೆಯಲ್ಲಿ, ಇಪ್ಪತ್ತು ಜನರ ಮುಂದೆ. ಒಣ ತಲೆಯನ್ನು ಮೇಜಿನ ಮೇಲಿಟ್ಟು, ಕ್ಯಾನಿನ ಕಥೆ ಮೊದಲಿಂದ ಕೊನೆಯವರೆಗೆ. ನೇಯಾ ಪೆನ್ನು ಕೆಳಗಿಟ್ಟಳು. ಝ್ಮಾಗೋ ಮುಖ ಕೆಂಪಾಯಿತು.

"ಇದೇ ತಪ್ಪಿಗೆ ನನ್ ಗಾಳಕೋಲು ಕಿತ್ಕೊಂಡ್ನಲ್ಲ ಅತ್ತಿಗೆ! ಊರವ್ರೆಲ್ಲ ಮೂವತ್ತು ವರ್ಷ ನನ್ನ 'ಬಕೆಟ್' ಅಂತ ಕರೆದ್ರು. ಅವನೂ ನಗ್ತಿದ್ದ!"

"ನಗ್ತಿದ್ದ. ತಪ್ಪೇ. ನನಗೂ ಗೊತ್ತಿತ್ತು, ನಾನೂ ಸುಮ್ಮನಿದ್ದೆ."

ಹೊರಗೆ ಹೋದ. ಬಾಗಿಲು ಹಾಕಿದ ರಭಸಕ್ಕೆ ಕಿಟಕಿ ಅದುರಿತು.

ಅಕ್ಟೋಬರ್ 30

ಝ್ಮಾಗೋ ಕಾಫಿಗೆ ಬರುತ್ತಿಲ್ಲ. ಕಲ್ಲು ನಿಲ್ಲಿಸುವ ಮಾತು ಯಾರೂ ಎತ್ತುವುದಿಲ್ಲ. ಬ್ರೆಡ್ ಅಂಗಡಿಯಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ಮಾಡಿದ್ದುಣ್ಣು, ಒತೀಲಿಯಾ.

ಡಿಸೆಂಬರ್ 5

ನೇಯಾ ಫೋನ್. ಒಣ ತಲೆಯಿಂದ ಒಂದು ಚೂರು ತೆಗೆದು ನೋಡಿದಳಂತೆ. ಅದೇ ವಂಶ. "ನಿಮ್ಮಪ್ಪ ಆ ಕ್ಯಾನ್ ಹೊರದಿದ್ರೆ ಲಿಪ್ನಿಕ್ ಮೀನು ಭೂಮಿ ಮೇಲೇ ಇರ್ತಿರ್ಲಿಲ್ಲ ಅಮ್ಮಾ." ಯೆಲೆಂಕಿನ ಮೀನಿಂದ ಮೊಟ್ಟೆ ತೆಗೆದು ಮರಿ ಮಾಡಿಸಿ ಲಿಪ್ನಿಕ್‌ಗೆ ಬಿಡುತ್ತಾರೆ.

ಫೋನ್ ಇಟ್ಟು ಚೆನ್ನಾಗಿ ಅತ್ತೆ. ಲವಂಗದ ನೆಪವೂ ಇರಲಿಲ್ಲ.

ಜೂನ್ 10, 2023. ಶನಿವಾರ.

ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ಸದ್ದು. ಝ್ಮಾಗೋ! ಎಂಟು ತಿಂಗಳ ಮೇಲೆ. ಅಪ್ಪನ ಕ್ಯಾನಿನಲ್ಲಿ ನಾನು ನೆಟ್ಟಿದ್ದ ಹೂಗಿಡ ಕಿತ್ತು ಪಕ್ಕಕ್ಕಿಟ್ಟು ಕ್ಯಾನ್ ಉಜ್ಜುತ್ತಿದ್ದಾನೆ. ಹೊಸ ಚರ್ಮದ ಪಟ್ಟಿ ತಂದಿದ್ದಾನೆ.

"ಏನ್ ನೋಡ್ತೀರಿ ಅತ್ತಿಗೆ? ಆ ಹುಡುಗಿ ಮೀನುಮರೀನ ಪ್ಲಾಸ್ಟಿಕ್ ಚೀಲದಲ್ಲಿ ಒಯ್ತೀನಿ ಅಂತಾಳೆ. ನಿಮ್ಮಪ್ಪನ ಮರ್ಯಾದೆ ಏನಾಗ್ಬೇಕು?"

ರಸ್ತೆ ಮುಗಿಯುವವರೆಗೆ ಜೀಪು, ಆಮೇಲೆ ನಡಿಗೆ. ಎಪ್ಪತ್ತು ದಾಟಿದ ಮುದುಕ, ಕ್ಯಾನ್ ಯಾರಿಗೂ ಕೊಡಲಿಲ್ಲ. ಲಿಪ್ನಿಕ್‌ನಲ್ಲಿ ನಮ್ಮ ಮನೆಯ ಹೊಸ್ತಿಲ ಕಲ್ಲು ಮಾತ್ರ ಉಳಿದಿದೆ. ಅಲ್ಲೇ ಕೂತು ಬೂಟು ಬಿಚ್ಚಿದೆ. ನೀರು ಹಾಗೇ ಇದೆ, ಮೂಳೆ ಕೊರೆಯುವ ಹಾಗೆ. ಕ್ಯಾನ್ ಬಗ್ಗಿಸಿದೆ. ಬೆರಳುದ್ದದ ಮರಿಗಳು. ಕಾಲಿನ ಸುತ್ತ ಒಂದು ಸುತ್ತು ಹಾಕಿ, ಕಲ್ಲಿನ ಕೆಳಗೆ ಹೋದವು.

ಹಿಂದಿನಿಂದ ಝ್ಮಾಗೋ, ಥೇಟ್ ಕಾವಲುಗಾರ ತ್ಸಿರಿಲ್‌ನ ಗಂಟಲಲ್ಲಿ: "ಪರವಾನಗಿ ಎಲ್ಲಿ?"

ನಕ್ಕೆವು. ನಗುತ್ತಾ ನಗುತ್ತಾ ಅವನೇ ಮೊದಲು ಅಳಲು ಶುರುಮಾಡಿದ.

ಈಗ ಮನೆ. ಕಾಫಿ ಇಟ್ಟೆ. ಎರಡು ಕಪ್, ಬೇಕಂತಲೇ. ತ್ಸಿರಿಲ್, ಮಾತು ಮುರಿದೆ, ನಿಜ. ಆದರೆ ಇವತ್ತು ನೀನೂ ಬಂದು ಆ ನೀರಿಗೆ ಕಾಲಿಟ್ಟಿದ್ದರೆ, ಕ್ಯಾನ್ ನೀನೇ ಬಗ್ಗಿಸುತ್ತಿದ್ದೆ.