ಕಾಗೆ ಮುಟ್ಟಿದ ಕ್ವೆಕ್ ಕ್ವೆಕ್

ಬೆಳಂಬಾರ, ಅಂಕೋಲಾ
25-9-2006

ಪ್ರೀತಿಯ ನಿತೇಶಣ್ಣಾ,

ಹೇಗಿದ್ದೀಯ? ಹಡಗಿನಲ್ಲಿ ತಲೆ ಸುತ್ತುವುದು ಕಡಿಮೆಯಾಯಿತೇ? ಆಯಿಯ ಮೊಣಕಾಲು ನೋವು ಹಾಗೇ ಇದೆ, ನಾನು ಚೆನ್ನಾಗಿದ್ದೇನೆ. ಹೋಳಿ ಹಬ್ಬಕ್ಕೆ ಮೊದಲು ನಿನ್ನ ಕಾಗದ ಬಂದಿತ್ತು, ಆಮೇಲೆ ಒಂದೂ ಇಲ್ಲ. ನಿಮ್ಮ ಕಂಪನಿಯ ಮುಂಬೈ ಆಫೀಸಿಗೆ ಫೋನ್ ಮಾಡಿದರೆ ಹಡಗು ದೂರದಲ್ಲಿದೆ ಅನ್ನುತ್ತಾರೆ, ಅಷ್ಟೇ.

ಕಳೆದ ರಜೆಯಲ್ಲಿ ನೀನು ಕಲಿಸಿದ ಕ್ವೆಕ್ ಕ್ವೆಕ್ ನೆನಪಿದೆಯಲ್ಲ, ನಿಮ್ಮ ಹಡಗಿನ ಫಿಲಿಪೈನ್ಸ್ ಅಡುಗೆಯವನ ಊರಿನ ತಿಂಡಿ? ಅಲ್ಲಿ ಬೀದಿಬೀದಿಯಲ್ಲಿ ಗೌಜಲಹಕ್ಕಿಯ ಮೊಟ್ಟೆ ಬೇಯಿಸಿ, ಕೇಸರಿ ಬಣ್ಣದ ಹಿಟ್ಟಿನಲ್ಲಿ ಅದ್ದಿ ಕರಿದು ಮಾರುತ್ತಾರೆ ಎಂದಿದ್ದೆ. ಇಲ್ಲಿ ಗೌಜಲು ಎಲ್ಲಿ ಸಿಗಬೇಕು? ನಮ್ಮ ಎಳೆಯ ಕೋಳಿ ಇಟ್ಟ ಸಣ್ಣ ಮೊಟ್ಟೆಗಳಿಗೇ ಮೈದಾ ಮೆತ್ತಿ, ಕಾರವಾರದ ಪೇಟೆಯಿಂದ ತಂದ ಜಿಲೇಬಿ ಬಣ್ಣ ಹಾಕಿ ಕರಿದೆವು. ನೀನು ತಿನ್ನುವ ರೀತಿಯೇ ಬೇರೆ. ಮೇಲಿನ ಹಿಟ್ಟಿನ ಕೇಸರಿ ಸಿಪ್ಪೆ ಸುಲಿದು ತಟ್ಟೆಯ ಅಂಚಿಗಿಟ್ಟು, ಮೊದಲು ಮೊಟ್ಟೆ ತಿಂದು, ಕೊನೆಗೆ ಸಿಪ್ಪೆಯನ್ನು ಈರುಳ್ಳಿ ಹಾಕಿದ ವಿನೆಗರಿನಲ್ಲಿ ಅದ್ದಿ ಬಾಯಿಗೆ ಹಾಕುತ್ತಿದ್ದೆ. “ಮಂಗ ಸಹ ಹಿಂಗೆ ತಿನ್ನೂದಿಲ್ಲ” ಎಂದು ಆಯಿ ಬೈಯುತ್ತಿದ್ದಳು.

ಮೊನ್ನೆ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಎಲೆ ಇಟ್ಟೆವು. ಅನ್ನ, ವಡೆ, ಬಂಗುಡೆ ಸಾರು, ಅಪ್ಪನಿಗೆ ಇಷ್ಟವಾದದ್ದೆಲ್ಲ ಇತ್ತು. ಆದರೆ ಕಾಗೆ ಬಾವಿಕಟ್ಟೆಯ ಮೇಲೆ ಕೂತದ್ದು ಇಳಿಯಲೇ ಇಲ್ಲ. ಕಾಗೆ ಮುಟ್ಟದೆ ನಾವು ಉಣ್ಣುವ ಹಾಗಿಲ್ಲವಲ್ಲ. ಗಂಟೆ ಎರಡಾಯಿತು. ಶಾಂತಾರಾಮ ದೊಡ್ಡಪ್ಪ ಕೈ ಮುಗಿದು, “ತಮ್ಮಾ, ಏನ್ ಆಸೆ ಉಳ್ದದೆ ನಿಂಗೆ? ಚಂಪಾನ ಮದಿ ನಾ ಮಾಡ್ತೆ. ಬಾರೋ ಮಾರಾಯ, ನಮ್ಗೂ ಹಸಿವಾಗ್ತದೆ” ಎಂದು ನನ್ನ ಮದುವೆಯ ಮಾತನ್ನೂ ಕೊಟ್ಟರು. ಕಾಗೆ ಅಲ್ಲಾಡಲಿಲ್ಲ.

ನಿನ್ನ ನೆನಪಾಗಿ ನಾನು ಬೆಳಿಗ್ಗೆ ನಾಲ್ಕು ಕ್ವೆಕ್ ಕ್ವೆಕ್ ಕರಿದು ಒಲೆಯ ಹಿಂದೆ ಬಚ್ಚಿಟ್ಟಿದ್ದೆ. ಯಾಕೆ ಕೈ ಹೋಯಿತೋ ಗೊತ್ತಿಲ್ಲ, ಒಂದನ್ನು ತಂದು ಎಲೆಯ ತುದಿಗೆ ಇಟ್ಟೆ. “ಏ ಚಂಪಾ, ಸತ್ತವ್ರಿಗೆ ಹಡಗಿನ ತಿಂಡಿಯನೇ?” ಎಂದು ಪಕ್ಕದ ಮನೆಯ ಗಂಗೂ ನಕ್ಕಳು. ನಾಚಿಕೆಯಾಗಿ ನಾನು ತಲೆ ತಗ್ಗಿಸಿದೆ. ತಲೆ ಎತ್ತುವುದರೊಳಗೆ ಕಾಗೆ ಇಳಿದು, ಅನ್ನ ಮೀನು ಯಾವುದನ್ನೂ ಮೂಸದೆ, ಅದೊಂದನ್ನೇ ಕಚ್ಚಿಕೊಂಡು ಮತ್ತೆ ಬಾವಿಕಟ್ಟೆಗೆ ಹೋಯಿತು. ಎಲ್ಲರೂ “ಅಬ್ಬಾ” ಎಂದು ಊಟಕ್ಕೆ ಕೂತರು. ಆಯಿ ಮಾತ್ರ ಕೈ ತೊಳೆಯಲಿಲ್ಲ. “ನಿಮ್ಮಪ್ಪ ಇದ್ನ ಯಾವಾಗ ತಿಂದಿದ್ದಾ?” ಎಂದು ನನ್ನನ್ನು ಕೇಳಿದಳು. ನೀನು ಆ ತಿಂಡಿ ಕಲಿತು ಬರುವ ಮೊದಲೇ ಅಪ್ಪ ಹೋಗಿ ಮೂರು ವರ್ಷವಾಗಿತ್ತು. ನಾನು ಸಾರು ತರಲು ಅಡುಗೆಮನೆಗೆ ಹೋದೆ.

ಅಲ್ಲಿ ಗಾಳಿ ಜೋರಿದ್ದರೆ ಹೊರಗೆ ನಿಲ್ಲಬೇಡ. ಆಯಿಯ, ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಅಡುಗೆಯವನಿಗೂ ನಾನು ಕೇಳಿದೆ ಎಂದು ಹೇಳು.

ನಿನ್ನ ತಂಗಿ,
ಚಂಪಾ

ತಾ.ಕ.: ಅಂಚೆಯವ ಹೊರಟಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ಎಲ್ಲರೂ ಉಣ್ಣುವಾಗ ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಕಾಗೆ ಕೇಸರಿ ಸಿಪ್ಪೆ ಸುಲಿದು ಕಟ್ಟೆಯ ಅಂಚಿಗೆ ಇಟ್ಟಿತು. ಮೊಟ್ಟೆ ತಿಂದಿತು. ಆಮೇಲೆ ಸಿಪ್ಪೆಯನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತಿಂದಿತು. ಇದನ್ನು ಆಯಿಗೆ ಹೇಳಿಲ್ಲ. ಅಣ್ಣಾ, ಒಂದೇ ಒಂದು ಸಾಲು ಬರೆ. ನಿನ್ನೆಯಿಂದ ಆಯಿ “ಇನ್ನೊಮ್ಮೆ ಕರಿದು ಇಡು, ನೋಡುವಾ” ಅನ್ನುತ್ತಿದ್ದಾಳೆ. ಮೊಟ್ಟೆ ಇಲ್ಲ ಎಂದು ಹೇಳಿದ್ದೇನೆ. ಅಕ್ಕಿ ಡಬ್ಬಿಯಲ್ಲಿ ಹನ್ನೊಂದು ಇವೆ.