ಬೀಗಕ್ಕೆ ಇಟ್ಟ ಹೆಸರು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕ,

ನಿನ್ನ ಚೀಟಿ ಬಂದು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಅದು ಭಾಷಣವಾಗುತ್ತಿತ್ತು, ಹರಿದು ಹಾಕುತ್ತಿದ್ದೆ. ತಡವಾಯಿತೆಂದು ಬೈಯಬೇಡ. ಕಾರ್ಮಿಕ ಸಂಘದ ಕಚೇರಿಯ ಮೇಲಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡಿದ್ದೇನೆ, ಊಟಕ್ಕೆ ತೊಂದರೆಯಿಲ್ಲ. ಪುಟ್ಟಿಯ ಶಾಲೆಯ ಬೂಟು ಮನೆಯೆಲ್ಲ ಹುಡುಕಿದರೂ ಸಿಗುತ್ತಿಲ್ಲ ಎಂದಿದ್ದೀಯ. ಅದರ ವಿಷಯ ಆಮೇಲೆ ಬರೆಯುತ್ತೇನೆ.

"ಅನ್ನ ಹಾಕಿದ ಭಾವನಿಗೆ ಆ ಮಾತು ಅನ್ನೋಕೆ ನಿನಗೆ ಬಾಯಾದ್ರೂ ಹೇಗೆ ಬಂತೋ?" ಎಂದು ಕೇಳಿದ್ದೀಯ. ಮೊದಲು ಬೀಗದ ಕಥೆ ಕೇಳು. ನಮ್ಮ ಲಾಂಡ್ರಿಯಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಿದೆಯಲ್ಲ, ಅಲ್ಲಿ ಗಾಳಿ ಎಳೆಯುವ ಫ್ಯಾನು ಕೆಟ್ಟು ನಿಂತಿದೆ. ಬ್ಲೀಚಿನ ಘಾಟಿಗೆ ಕಣ್ಣು ಬಿಡಲಾಗುವುದಿಲ್ಲ. ಹೆಂಗಸರು ಉಸಿರಾಡಲೆಂದು ಆಗಾಗ ಹೊರಗೆ ಬರುತ್ತಾರೆ, ಕೆಲಸ ಕೆಡುತ್ತದೆ ಎಂದು ಮಾಲೀಕರು ಹೊರಗಿನಿಂದ ಬೀಗ ಹಾಕಿಸಿದರು. ಬೀಗದ ಕೈ ಇದ್ದದ್ದು ಸೂಪರ್‌ವೈಸರ್ ಆದ ಭಾವನ ಸೊಂಟದಲ್ಲಿ. ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ, ಬಟ್ಟೆ ಮಡಿಸುವ ಮುದುಕಿ ತಲೆ ತಿರುಗಿ ಬಿದ್ದಾಗ ಒಳಗಿನವರು ಬಾಗಿಲು ಬಡಿದೇ ಬಡಿದರು. ಭಾವ ಗೋದಾಮಿನಲ್ಲಿದ್ದರು. ಅವರು ಬಂದು ಬೀಗ ತೆಗೆಯುವ ಹೊತ್ತಿಗೆ ದೊಡ್ಡಮ್ಮನ ತುಟಿ ನೀಲಿಯಾಗಿತ್ತು.

ಆಗ ನಾನು ಓದುತ್ತಿದ್ದ ಕಿರುಹೊತ್ತಿಗೆ ನಿನಗೆ ನೆನಪಿರಬೇಕು. ನಾಜಿಗಳು ಕೊಂದವರ ಬೂಟುಗಳ ರಾಶಿಯ ಚಿತ್ರವಿದ್ದದ್ದು. ನಿಮ್ಮ ಹಜಾರದಲ್ಲಿ ಕೂತು ಅದನ್ನು ಓದಿ ಅತ್ತಿದ್ದೆ. ಪುಟ್ಟಿ ಬಂದು, "ಇಷ್ಟೊಂದು ಬೂಟು ಯಾರದು ಮಾಮ?" ಎಂದಳು. ಮಕ್ಕಳಿಗೆ ಸುಳ್ಳು ಹೇಳಬಾರದು ಎನ್ನುವವನು ನಾನು. ಹಿಟ್ಲರ್ ಎಂಬವನು ಜನರನ್ನು, ಮಕ್ಕಳನ್ನೂ, ಬೂಟು ಬಿಚ್ಚಿಸಿ ಕೊಲ್ಲಿಸಿದ ಎಂದು ಇದ್ದದ್ದನ್ನು ಹೇಳಿದೆ.

ದೊಡ್ಡಮ್ಮ ಬಿದ್ದ ಮರುದಿನ ಗೇಟಿನ ಮುಂದೆ ಸ್ಟೂಲು ಹತ್ತಿ ನಿಂತಾಗ ಬಾಯಿಗೆ ಬಂದದ್ದು ಆ ಪುಸ್ತಕವೇ. "ಇದು ಲಾಂಡ್ರಿಯಲ್ಲ, ಗ್ಯಾಸ್ ಚೇಂಬರ್. ಕೀಲಿ ಇಟ್ಕೊಂಡವನು ಹಿಟ್ಲರ್" ಎಂದೆ. ಎಂಥ ಚಪ್ಪಾಳೆ ಬಿತ್ತು ಗೊತ್ತಾ. ಭಾವನ ಫೋಟೋಗೆ ಆ ಮೀಸೆ ಬರೆದು, ಕೆಳಗೆ ಆ ಹೆಸರು ಬರೆದು, ಬೀದಿಯ ಗೋಡೆಗಳಿಗೆಲ್ಲ ಅಂಟಿಸಿದೆವು.

ಮಾತುಕತೆಗೆ ಕರೆದ ದಿನ ಮಾಲೀಕರು ಮೇಜಿನ ಮೇಲೆ ಆ ಪೋಸ್ಟರನ್ನೇ ಹರಡಿಕೊಂಡು ಕೂತಿದ್ದರು. "ಲಕ್ಷಾಂತರ ಜನ ಸತ್ತಿದ್ದನ್ನ ಒಂದು ಬೀಗಕ್ಕೆ ಹೋಲಿಸ್ತೀಯಲ್ಲಪ್ಪ, ನಾಚಿಕೆ ಆಗಲ್ವಾ? ಮೊದಲು ಕ್ಷಮೆ ಕೇಳು. ಬೀಗದ ವಿಷಯ ಆಮೇಲೆ" ಎಂದರು. ನಾನು ಕೇಳಲಿಲ್ಲ. ಮಾತುಕತೆ ಅಲ್ಲಿಗೇ ಮುಗಿಯಿತು. ಮರುದಿನ ಅದೇ ಮನುಷ್ಯ ಅಂಟಿಸಿದ ನೋಟೀಸಿನಲ್ಲಿ ಏನಿತ್ತು ಗೊತ್ತಾ? ಸಂಘದವರದು ನಾಜಿಗಳ ದಬ್ಬಾಳಿಕೆಯಂತೆ. ಟೀ ಅಂಗಡಿಯವನು ನಗುತ್ತಾ, "ಸೇರಿಸ್ಕೊಳ್ಳಿ, ನನ್ನ ಹೆಂಡತೀನೂ ಹಿಟ್ಲರೇ" ಎಂದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಆಮೇಲೆ ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. "ಏನೋ, ನಾನು ತಲೆ ಸುತ್ತಿ ಬಿದ್ರೆ ನನ್ನನ್ನ ಸಾಯಿಸೇ ಬಿಟ್ಯಲ್ಲೋ" ಎಂದು ರೇಗಿಸಿದರು. ಆಮೇಲೆ ಮೆಲ್ಲಗೆ, "ಬೀಗ ತೆಗೆದ್ರೇನಪ್ಪ?" ಎಂದು ಕೇಳಿದರು. ತೆಗೆದಿಲ್ಲ ಅಕ್ಕ. ಬಾಗಿಲ ಮೇಲೆ ಹಾಗೇ ಇದೆ. ಊರೆಲ್ಲ ಮೀಸೆಯ ಮಾತಾಡುತ್ತಿದೆ, ಬೀಗದ ಮಾತಾಡುವವರು ಯಾರೂ ಇಲ್ಲ.

ಈಗ ನನಗೆ ಯಾವುದೂ ತಿಳಿಯುತ್ತಿಲ್ಲ. ಭಾವ ಮಾಡಿದ್ದು ತಪ್ಪು, ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ದೊಡ್ಡಮ್ಮನನ್ನು ಆಟೋದವರೆಗೆ ಎತ್ತಿಕೊಂಡು ಓಡಿದವರೂ ಅವರೇ, ಅದನ್ನು ಸ್ಟೂಲಿನ ಮೇಲೆ ನಾನು ಹೇಳಲಿಲ್ಲ. ದೊಡ್ಡ ಮಾತು ಆಡದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆಡಿದರೆ ಆ ಮಾತನ್ನೇ ನೋಡುತ್ತಾ ನಿಲ್ಲುತ್ತಾರೆ. ಹಾಗಾದರೆ ಬೀಗವನ್ನು ಏನೆಂದು ಕರೆಯಬೇಕಿತ್ತು? ಬರೀ ಬೀಗ ಅಂತಲಾ?

ನೀನು ಅಳಬೇಡ. ಬೆನ್ನುನೋವಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ. ಭಾವನಿಗೆ, ಕೇಳುವುದಾದರೆ, ನನ್ನ ನಮಸ್ಕಾರ ಹೇಳು. ಪುಟ್ಟಿ ನೂರು ವರ್ಷ ಬಾಳಲಿ.

ನಿನ್ನ ತಮ್ಮ

ತಾ.ಕ.: ಬೂಟು ಹುಡುಕಬೇಡ. ನನ್ನ ಹತ್ತಿರ ಇದೆ. ಮೊನ್ನೆ ಶಾಲೆಯ ಹತ್ತಿರ ಪುಟ್ಟಿಯನ್ನು ನೋಡಲು ಹೋಗಿದ್ದೆ. ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಇಷ್ಟು ದಿನ ಚೀಲದ ತಳದಲ್ಲಿ ಬಚ್ಚಿಟ್ಟಿದ್ದ ಬೂಟು ತೆಗೆದು ನನ್ನ ಕೈಗಿಟ್ಟು, "ನೀನೇ ಇಟ್ಕೋ ಮಾಮ, ಅಪ್ಪಂಗೆ ಸಿಗಬಾರದು" ಎಂದಳು. ಗೋಡೆಯ ಮೇಲಿನ ಹೆಸರನ್ನು ಕೂಡಿಸಿ ಕೂಡಿಸಿ ಓದಿದ್ದಾಳೆ. ನಿಮ್ಮಪ್ಪ ಅಂಥವರಲ್ಲ ಪುಟ್ಟಿ ಎಂದೆ. "ಮತ್ತೆ ನೀನು ಸುಳ್ಳು ಬರೆದ್ಯಾ?" ಎಂದು ಮುಖ ನೋಡಿದಳು. ಊರಿನಲ್ಲಿ ನನ್ನ ಮಾತನ್ನು ಪೂರ್ತಿ ನಂಬಿದವಳು ಅವಳೊಬ್ಬಳೇ ಅಕ್ಕ. ಬೂಟನ್ನು ಅವಳೆದುರಿಗೇ ಭಾವನ ಕೈಗೆ ಕೊಡಬೇಕು. ಏನು ಹೇಳಿ ಕೊಡಲಿ?