ಕೆಂಪು ಗೆರೆ ಬಿದ್ದ ಸಾಲು

ನಾಶಿಕ
೯ ನವೆಂಬರ್ ೨೦೨೫, ಭಾನುವಾರ

ಚಿ. ಮಗಳು ಅಕ್ಷಿತಾಳಿಗೆ ನಿನ್ನ ಆಯಿಯ ಆಶೀರ್ವಾದ. ಬೇಡವೆಂದರೂ ಇಟ್ಟುಕೋ, ಆಶೀರ್ವಾದವನ್ನು ವಾಪಸು ಕಳಿಸುವ ಪದ್ಧತಿ ನಮ್ಮಲ್ಲಿಲ್ಲ.

ಎರಡು ತಿಂಗಳಿಂದ ನಿನ್ನ ಫೋನು ಎತ್ತಿಲ್ಲ. ಕಿವಿ ಕೇಳಿಸುತ್ತಿಲ್ಲ, ನೆಟ್‌ವರ್ಕ್ ಇಲ್ಲ ಎಂದು ಪಕ್ಕದ ಮನೆಯ ಜಯಲಕ್ಷ್ಮಿಯ ಕೈಯಲ್ಲಿ ಹೇಳಿಸಿದ್ದೆಲ್ಲ ಸುಳ್ಳು. ಕಿವಿ ಚೆನ್ನಾಗಿಯೇ ಇದೆ. ನೀನು ಸೆಪ್ಟೆಂಬರಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು, ಅದನ್ನು ಹೇಳುವ ಬಾಯಿ ಇರಲಿಲ್ಲ, ಅಷ್ಟೇ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮರಾಠಿಯಲ್ಲಾದರೆ ನೀನು ನಿಂತಲ್ಲೇ ಓದಿ ಮುಗಿಸುತ್ತೀ. ಕನ್ನಡವೆಂದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ, ಒತ್ತಕ್ಷರ ಬಂದಲ್ಲಿ ತಡವರಿಸಿ ಓದಬೇಕು. ಚಿಕ್ಕವಳಿದ್ದಾಗ ಗೋಡೆಯ ಕ್ಯಾಲೆಂಡರ್ ತೋರಿಸಿ ನಾನೇ ಕಲಿಸಿದ್ದಲ್ಲವೇ? ನನ್ನ ಬಗ್ಗೆ ತೀರ್ಮಾನಕ್ಕೆ ಬರುವ ಮೊದಲು ನಿನಗೆ ಸ್ವಲ್ಪ ತಡವಾಗಲಿ ಎಂಬ ಆಸೆ. ಇನ್ನೊಂದು ಕಾರಣವೂ ಇದೆ. ಹನ್ನೊಂದು ವರ್ಷ ಮರಾಠಿಯಲ್ಲಿ ಸಾಹೇಬರ ಮಾತನ್ನೇ ಬರೆದು ಬರೆದು, ಆ ಭಾಷೆಯಲ್ಲಿ ಕೂತರೆ ಕೈ ತಾನಾಗಿಯೇ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತದೆ.

ನಿನ್ನ ಪ್ರಶ್ನೆಯನ್ನು ಅರ್ಜಿಯ ಮೇಲೆ ವಿಷಯ ಬರೆಯುವ ಹಾಗೆ ಇಲ್ಲಿ ಬರೆದುಬಿಡುತ್ತೇನೆ. ತ್ರ್ಯಂಬಕ ರಸ್ತೆಯ ಕೂಲಿಗಳಿಗೆ ಅವರ ತಗಡಿನ ಶೆಡ್ಡುಗಳನ್ನು ಕುಂಭಮೇಳ ಮುಗಿಯುವವರೆಗೆ ತೆಗೆಸುವುದಿಲ್ಲ ಎಂದು ನಮ್ಮ ಸಾಹೇಬರು, ಶಾಸಕ ರತ್ನಾಕರರಾಯರು, ಮಾತು ಕೊಟ್ಟಿದ್ದರೇ, ಇಲ್ಲವೇ? ನಿಮ್ಮ ಕಾರ್ಮಿಕರ ಸಂಘದಿಂದ ನೀನು ಬರೆಯುತ್ತಿರುವ ದೂರು ಈ ಒಂದು ಮಾತಿನ ಮೇಲೆ ನಿಂತಿದೆ. ಆ ಕೂಲಿಗಳಲ್ಲಿ ಒಬ್ಬಳಾದ ಚನಬಸವ್ವ ಹೌದೆನ್ನುತ್ತಾಳೆ. ಸಾಹೇಬರು ಇಲ್ಲವೆಂದು ಪತ್ರಿಕೆಯಲ್ಲಿ ಹೇಳಿದ್ದಾರೆ. ಅವರ ಪಕ್ಕದಲ್ಲಿ ನಿಂತು ಅವರ ಮಾತನ್ನು ಆ ಜನಕ್ಕೆ ಕನ್ನಡದಲ್ಲಿ ಹೇಳಿದವಳು ನಾನೊಬ್ಬಳೇ.

ಉತ್ತರಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನನ್ನ ಕೆಲಸವೇನೆಂದು ನೀನು ತಿಳಿಯಬೇಕು. ನೀನು ಯಾವತ್ತೂ ಕೇಳಲಿಲ್ಲ. ‘ಆ ಮನುಷ್ಯನ ಕಚೇರಿ’ ಎಂದು ಮೂಗು ಮುರಿದೆ, ನಾನೂ ಹೇಳಲಿಲ್ಲ.

ನನ್ನ ಮೇಜಿನ ಮೇಲೆ ಒಂದು ಉದ್ದನೆಯ ರಿಜಿಸ್ಟರ್ ಇದೆ. ಸಾಹೇಬರು ಯಾವ ವಿಷಯಕ್ಕೆ, ಯಾವ ಊರಲ್ಲಿ, ಯಾರ ಮುಂದೆ ಏನು ಹೇಳಿದರು ಎಂಬುದನ್ನೆಲ್ಲ ಅದರಲ್ಲಿ ಬರೆದಿಡುತ್ತೇನೆ. ಎಡ ಪುಟ ಕ್ಷೇತ್ರದ್ದು, ಬಲ ಪುಟ ಇಡೀ ರಾಜ್ಯದ್ದು. ನೀರಿನ ಪುಟ ತೆಗೆದರೆ ನಿನಗೆ ನಗು ಬಂದೀತು. ನಾಶಿಕದ ಸಭೆಯಲ್ಲಿ ನಮ್ಮ ಅಣೆಕಟ್ಟಿನ ಹನಿ ನೀರೂ ಕೆಳಗೆ ಹೋಗಕೂಡದು. ನದಿಯ ಕೆಳಗಿರುವ ನಿಮ್ಮ ಸಂಭಾಜಿನಗರದ ಸಭೆಯಲ್ಲಿ ಗೋದಾವರಿ ಎಲ್ಲರ ತಾಯಿ. ಈರುಳ್ಳಿಯ ಬೆಲೆ ಬಿದ್ದಾಗ ರೈತರ ಪರ, ಏರಿದಾಗಲೂ ರೈತರ ಪರ, ಮುಂಬಯಿಗೆ ಹೋದಾಗ ಮಾತ್ರ ಗೃಹಿಣಿಯರ ಪರ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಡಿಯ ವಿಷಯಕ್ಕೂ ಒಂದು ಪುಟವಿದೆ. ಪ್ರತಿ ಚಳಿಗಾಲ ನಾಗಪುರದ ಅಧಿವೇಶನಕ್ಕೆ ಮುಂಚೆ ‘ಒಂದಿಂಚು ನೆಲವನ್ನೂ ಬಿಡೆವು’ ಎಂಬ ಭಾಷಣವನ್ನು ಧಾರವಾಡದಲ್ಲಿ ಹುಟ್ಟಿದ ನಿನ್ನ ತಾಯಿಯೇ ಬರೆದುಕೊಡುತ್ತಿದ್ದಳು. ನಿನ್ನ ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಅಪ್ಪನ ಸಲುವಾಗಿಯೇ ನಾನು ಅಲ್ಲಿಗೆ ಹೋದದ್ದು. ಓಝರಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ವಿಮಾನದ ರೆಕ್ಕೆಗೆ ರಿವೆಟ್ಟು ಹೊಡೆದ ಗೋಪಾಲ, ಉಸಿರು ಸಿಗದೆ ಮೂರು ಆಸ್ಪತ್ರೆಯ ಬಾಗಿಲು ಸುತ್ತಿದಾಗ ಒಂದು ಹಾಸಿಗೆ ಕೊಡಿಸಿದವರು ಸಾಹೇಬರು. ನನ್ನ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಅಪ್ಪ ಉಳಿಯಲಿಲ್ಲ, ಆದರೆ ಹಾಸಿಗೆಯ ಮೇಲೆ ಹೋದರು, ಆಸ್ಪತ್ರೆಯ ಪಡಸಾಲೆಯಲ್ಲಿ ಅಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ನೀನು ಈ ಒಂದು ವಿಷಯದಲ್ಲಿ ನನ್ನನ್ನು ಅರ್ಥ ಮಾಡಿಕೊಳ್ಳಲೇ ಇಲ್ಲ ಎಂಬ ನೋವು ನನಗಿದೆ. ಇರಲಿ.

ಈಗ ಒಳಗುಟ್ಟು. ಸಾಹೇಬರ ನಿಲುವುಗಳೆಲ್ಲ ಸಾಹೇಬರವಲ್ಲ. ಪತ್ರಿಕೆಗೆ ಕಳಿಸುವ ಹೇಳಿಕೆಯ ಕರಡು ಬರೆಯುವಾಗ ನಾನು ನಡುವೆ ಒಂದು ಸಾಲು ನನ್ನದೇ ಸೇರಿಸುತ್ತಿದ್ದೆ. ಅಂಗನವಾಡಿಯ ಹೆಂಗಸರಿಗೆ ತಿಂಗಳು ತಿಂಗಳು ಸರಿಯಾಗಿ ಗೌರವಧನ ಬರಬೇಕು, ಘೋಟಿಯ ಕಾಲೇಜು ಹುಡುಗಿಯರಿಗೆ ಸಂಜೆ ಇನ್ನೊಂದು ಬಸ್ಸು ಬೇಕು, ಹೀಗೆ. ಅವರು ಕೆಂಪು ಪೆನ್ನು ಹಿಡಿದು ಓದುತ್ತಾರೆ. ಹತ್ತರಲ್ಲಿ ಎಂಟು ಸಲ ಗೆರೆ ಬೀಳುತ್ತಿರಲಿಲ್ಲ. ಮರುದಿನ ಅಚ್ಚಾದ ಮೇಲೆ ಅದು ಅವರದೇ ನಿಲುವು. ಆಮೇಲೆ ಅದಕ್ಕಾಗಿ ನಿಜವಾಗಿಯೂ ಜಗಳವಾಡುತ್ತಿದ್ದರು, ಘೋಟಿಯ ಬಸ್ಸು ಬಂದದ್ದು ಹಾಗೆಯೇ. ಆ ಬಸ್ಸು ಎದುರಿಗೆ ಸಿಕ್ಕರೆ ನನ್ನ ಮಗಳೇ ಬರುತ್ತಿದ್ದಾಳೆ ಎನ್ನುವಷ್ಟು ಜಂಬ ನನಗೆ. ನಿನಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ.

ಜುಲೈ ಇಪ್ಪತ್ತೆಂಟರಂದು ಸಾಹೇಬರು ತ್ರ್ಯಂಬಕ ರಸ್ತೆಯ ಕೆಲಸ ನೋಡಲು ಹೋದರು. ನಾನೂ ರಿಜಿಸ್ಟರ್ ಹಿಡಿದು ಹೋದೆ. ರಸ್ತೆ ಅಗಲ ಮಾಡುವ ಆ ಕೂಲಿಗಳ ಶೆಡ್ಡುಗಳೇ ಅಗಲವಾಗುವ ರಸ್ತೆಗೆ ಅಡ್ಡ. ಇಂಡಿ ಕಡೆಯ ಜನ, ಹದಿನೆಂಟು ಮನೆ. ಅವರ ಮುಕ್ಕದಮ್ ಪರಮೇಶ್ವರ, ಅಂದರೆ ಕೂಲಿಗಳನ್ನು ಕರೆತರುವವನು, ಘೋಟಿಯಲ್ಲಿ ಒಂದು ಮುಚ್ಚಿದ ಅಕ್ಕಿ ಗಿರಣಿಯ ಕೋಣೆಗಳನ್ನು ಗೊತ್ತು ಮಾಡಿ ಟೆಂಪೋ ತರಿಸಿದ್ದ. ಗಂಟು, ಕೊಡ, ಒಂದು ಹೊಲಿಗೆ ಮೆಶಿನ್ನು ಎಲ್ಲ ಏರಿಸಿಯಾಗಿತ್ತು. ಸಾಹೇಬರ ಕಾರು ಕಂಡು ಹೆಂಗಸರು ಕೈಮುಗಿದು ನಿಂತರು. ಇಲ್ಲೇ ಕೆಲಸ, ಇಲ್ಲೇ ಮಕ್ಕಳ ಸಾಲೆ, ಇನ್ನೊಂದು ವರ್ಷ ಇರಲು ಬಿಡಿ ಎಂದು ಅಮಸಿದ್ದ ಎಂಬ ಕೂಲಿ ಹರುಕು ಮರಾಠಿಯಲ್ಲಿ ಕೇಳಿದ. ಸಾಹೇಬರು, ನೋಡುತ್ತೇನೆ, ಅಧಿಕಾರಿಗಳ ಜೊತೆ ಮಾತಾಡುತ್ತೇನೆ ಎಂದರು. ದಿನಕ್ಕೆ ಐವತ್ತು ಜನಕ್ಕೆ ಹೇಳುವ ಮಾತು ಅದು. ಅಷ್ಟು ಹೇಳಿ ಪತ್ರಕರ್ತರ ಕಡೆ ತಿರುಗಿದರು.

ಅಮಸಿದ್ದನ ಹೆಂಡತಿ ಚನಬಸವ್ವ ನನ್ನ ಸೆರಗಿನ ಹತ್ತಿರ ಬಂದು, “ಸಾಹೇಬ್ರು ಏನಂದ್ರು ರೀ ಬಾಯಾರ?” ಅಂದಳು.

ಬಾಯಾರ! ಧಾರವಾಡ ಬಿಟ್ಟ ಮೇಲೆ ನನ್ನನ್ನು ಹಾಗೆ ಕರೆದವರಿಲ್ಲ. ನಾಶಿಕದಲ್ಲಿ ನಾನು ಮೂವತ್ತೆರಡು ವರ್ಷದಿಂದ ತಾಈ, ಮ್ಯಾಡಮ್, ವಹಿನಿ. ಆ ಮೂವತ್ತೆರಡು ವರ್ಷದಲ್ಲಿ ಒಬ್ಬರೂ ನನ್ನ ಭಾಷೆಯಲ್ಲಿ ನನ್ನಿಂದ ಏನನ್ನೂ ಬೇಡಿರಲಿಲ್ಲ.

“ಕುಂಭಮೇಳ ಮುಗಿಯೂತನಾ ನಿಮ್ಮನ್ನ ಯಾರೂ ಎಬ್ಬಸೂದಿಲ್ಲ ಅಂದಾರವ್ವಾ. ಗಂಟು ಇಳಸ್ರಿ,” ಎಂದೆ.

“ಖರೇನ್ರಿ?”

“ಖರೇನ.”

ಇದೇ ನಿನ್ನ ಪ್ರಶ್ನೆಗೆ ಉತ್ತರ, ಮಗಳೇ. ಸಾಹೇಬರು ಮಾತು ಕೊಡಲಿಲ್ಲ. ನಾನು ಕೊಟ್ಟೆ.

ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಸಂಜೆಯ ಹೇಳಿಕೆಯಲ್ಲಿ ಒಂದು ಸಾಲು ಸೇರಿಸಿದರಾಯಿತು, ನಾಳೆ ಅಚ್ಚಾದರೆ ಅದೇ ನಿಜವಾಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಬಸ್ಸು ತರಿಸಿದವಳಿಗೆ ಹದಿನೆಂಟು ಶೆಡ್ಡು ಯಾವ ದೊಡ್ಡದು? ಹಾಗೆಯೇ ಬರೆದೆ: ‘ಕುಂಭಮೇಳದ ಕಾಮಗಾರಿ ಮುಗಿಯುವವರೆಗೆ ಕಾರ್ಮಿಕರ ವಸತಿಗಳನ್ನು ತೆರವು ಮಾಡಬಾರದು.’ ಸಾಹೇಬರು ಓದಿದರು. ಕುಂಭದ ಕೆಲಸ ಯಾರಿಗಾಗಿಯೂ ನಿಲ್ಲಬಾರದು ಎಂದು ಅದೇ ತಿಂಗಳಷ್ಟೇ ವಿಧಾನಸಭೆಯಲ್ಲಿ ಹೇಳಿದ್ದರು. ಎಡ ಪುಟ, ಬಲ ಪುಟ ಒಂದಕ್ಕೊಂದು ಅಡ್ಡಬಂದವು. ಆ ಸಾಲಿನ ಮೇಲೆ ಕೆಂಪು ಗೆರೆ ಎಳೆದು, ಚಹಾ ಕುಡಿದು, ಕಾಗದ ನನ್ನ ಕಡೆ ತಳ್ಳಿದರು.

ಆ ಸಂಜೆಯೇ ಹೋಗಿ ಹೇಳಬಹುದಿತ್ತು. ಟೆಂಪೋ ಇನ್ನೂ ನಾಲ್ಕು ದಿನ ಅಲ್ಲೇ ಓಡಾಡುತ್ತಿತ್ತು. ಹದಿನಾಲ್ಕು ಮನೆಯವರು ನನ್ನ ಮಾತು ನಂಬದೆ ಘೋಟಿಗೆ ಹೋದರು, ನಾಲ್ಕು ಮನೆಯವರು ನಂಬಿ ಉಳಿದರು. ನಾಚಿಕೆ ಅಕ್ಷಿತಾ, ಬರೀ ನಾಚಿಕೆ. ಬಾಯಾರ ಎಂದವಳ ಮುಂದೆ ನಿಂತು, ನನ್ನ ಮಾತಿಗೆ ಅಲ್ಲಿ ಬೆಲೆಯಿಲ್ಲವ್ವಾ ಎನ್ನಲು ಆಗಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತ ಹತ್ತೊಂಬತ್ತು ದಿನ ಕಳೆದೆ.

ಆಮೇಲಿನದು ನಿನಗೆ ಗೊತ್ತು. ಆಗಸ್ಟ್ ಹದಿನಾರಕ್ಕೆ ಜೆಸಿಬಿ ಬಂತು. ಸ್ವಾತಂತ್ರ್ಯ ದಿನದ ರಜೆ ಮುಗಿಯಲೆಂದು ಕಾದಿದ್ದರು ಎಂದು ಕಾಣುತ್ತದೆ. ಆ ನಾಲ್ಕು ಮನೆಯವರು ಒಂದು ಹಳೆಯ ಗೋದಾಮಿನ ಕಂಪೌಂಡಿಗೆ ತಾಡಪಾಲು ಕಟ್ಟಿಕೊಂಡರು. ಮೂರು ದಿನ ಮಳೆ. ನಾಲ್ಕನೆಯ ಬೆಳಿಗ್ಗೆ ಚನಬಸವ್ವ ನೀರಿಗೆ ಹೋದಾಗ ಗೋಡೆ ಬಿತ್ತು. ಮಲಗಿದ್ದ ಅಮಸಿದ್ದ ಏಳಲೇ ಇಲ್ಲ. ಮೂವತ್ತನಾಲ್ಕು ವರ್ಷ.

ಶವಾಗಾರದ ಬಾಗಿಲಲ್ಲಿ ಚನಬಸವ್ವ ನನ್ನ ಕೈ ಹಿಡಿದುಕೊಂಡಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಬದುಕುತ್ತಿದ್ದೆ. “ನೀವರ ಏನ ಮಾಡ್ತೀರಿ ಬಾಯಾರ, ಆ ಸಾಹೇಬ ಮಾತ ತಪ್ಪಿದಾ,” ಎಂದು ನನಗೇ ಸಮಾಧಾನ ಹೇಳಿದಳು. ನಾನು ತಲೆಯಾಡಿಸಿದೆ. ಹೌದವ್ವಾ ಎನ್ನುವ ಹಾಗೆ ತಲೆಯಾಡಿಸಿದೆ.

ಮಧ್ಯಾಹ್ನ ಸಾಹೇಬರು ಕರೆದು, ಆ ಜನಕ್ಕೆ ನಮ್ಮ ಕಡೆಯಿಂದ ಯಾರಾದರೂ ಏನಾದರೂ ಹೇಳಿದ್ದರೇ ಎಂದು ಕೇಳಿದರು. ಅವರ ಮುಖವೂ ಇಳಿದಿತ್ತು. ಇಲ್ಲ ಎಂದೆ. ಹಾಗಾದರೆ ಹಾಗೆಯೇ ಬರೆಯಿರಿ ಎಂದರು. ‘ಯಾವುದೇ ಆಶ್ವಾಸನೆ ನೀಡಿರಲಿಲ್ಲ’ ಎಂದು ನೀನು ಓದಿ ಸಿಟ್ಟಿನಿಂದ ಹರಿದು ಹಾಕಿದ ಆ ಹೇಳಿಕೆ, ಸಾಹೇಬರ ಮಟ್ಟಿಗೆ ನಿಜ. ಅದರ ಒಂದೊಂದು ಅಕ್ಷರವನ್ನೂ ಟೈಪ್ ಮಾಡಿದವಳಿಗೆ ಮಾತ್ರ ಸುಳ್ಳು. ಆ ಒಂದು ಸಲ ಕೆಂಪು ಗೆರೆ ಎಲ್ಲಿಯೂ ಬೀಳಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ್ದಕ್ಕಿಂತ ಆಮೇಲೆ ಆಡದೆ ಉಳಿದದ್ದೇ ಅವನನ್ನು ಕೊಂದಿತು.

ಚನಬಸವ್ವ ನಿಮ್ಮೂರ ಪಕ್ಕದ ವಾಳೂಜಿನಲ್ಲಿ ಅಣ್ಣನ ಮನೆ ಸೇರಿ, ನಿನ್ನ ಕಣ್ಣಿಗೇ ಬಿದ್ದಳಲ್ಲ, ಇದನ್ನು ದೇವರ ಆಟ ಎನ್ನಲೋ ಏನೆನ್ನಲೋ. ಕಳೆದ ತಿಂಗಳು ಧೈರ್ಯ ಮಾಡಿ ನಿಮ್ಮೂರ ಬಸ್ಸು ಹತ್ತಿದ್ದೆ. ವೈಜಾಪುರದಲ್ಲಿ ಬಸ್ಸು ನಿಂತಾಗ ನೀರು ಕುಡಿಯಲು ಇಳಿದೆ. ಬಸ್ಸು ಹೊರಟಿತು, ಕಂಡಕ್ಟರ್ ಕರೆದ, ನಾನು ಹತ್ತಲಿಲ್ಲ. ಮೆಕ್ಕೆಜೋಳದ ಚೀಲಗಳ ಪಕ್ಕದ ಕಲ್ಲಿನ ಮೇಲೆ ಎರಡು ತಾಸು ಕೂತು ವಾಪಸು ಬಂದೆ.

ಇದರ ಜೊತೆ ಎರಡು ಕಾಗದ ಇಟ್ಟಿದ್ದೇನೆ. ಒಂದು, ಕೆಂಪು ಗೆರೆ ಬಿದ್ದ ಆ ಕರಡು. ಇನ್ನೊಂದು, ಮೇಲೆ ಬರೆದದ್ದನ್ನೇ ಮರಾಠಿಯಲ್ಲಿ ಬರೆದು ನಾನು ಸಹಿ ಮಾಡಿದ್ದು. ಸಾಹೇಬರ ಮೇಜಿನ ಮೇಲೂ ನಿನ್ನೆ ಒಂದು ಪ್ರತಿ ಇಟ್ಟು, ರಿಜಿಸ್ಟರ್ ಒಪ್ಪಿಸಿ ಬಂದೆ. ಅವರು ಕೊನೆಯವರೆಗೂ ಓದಿದರು. ಒಂದೇ ಮಾತು ಕೇಳಿದರು: ಆ ಸಾಲು ಯಾಕೆ ಬೇಕೆಂದು ಅವತ್ತೇ ನನಗೆ ಹೇಳಬಾರದಿತ್ತೇ? ಹನ್ನೊಂದು ವರ್ಷದಲ್ಲಿ ಅವರಿಗೆ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಈ ಕಾಗದಗಳಿಂದ ನಿನ್ನ ದೂರು ದುರ್ಬಲವಾಗುತ್ತದೆ, ಗೊತ್ತು. ಹೌದು, ಸಾಹೇಬರು ಹೇಳಿದ್ದರು ಎಂದು ನಾನು ಬರೆದುಕೊಟ್ಟಿದ್ದರೆ ನೀನು ಗೆಲ್ಲುತ್ತಿದ್ದೆ, ನನ್ನ ಮೇಲಿನ ಸಿಟ್ಟೂ ಇಳಿಯುತ್ತಿತ್ತು. ಎರಡು ತಿಂಗಳು ಆ ಆಸೆಯಲ್ಲೇ ತೂಗಾಡಿದೆ. ಆಗಲಿಲ್ಲ. ದೂರಿನಲ್ಲಿ ಅವರ ಹೆಸರಿರುವ ಜಾಗದಲ್ಲಿ ನನ್ನ ಹೆಸರು ಬರೆ. ನಿರುಪಮಾ ಗೋಪಾಲ ದೇಸಾಯಿ, ವಯಸ್ಸು ಐವತ್ತೇಳು. ತಾಯಿ ಎಂದು ಹಿಂಜರಿಯಬೇಡ.

ಊಟ ಸರಿಯಾಗಿ ಮಾಡು. ಚಳಿ ಶುರುವಾಗಿದೆ, ಅಪ್ಪನ ಕಂದು ಸ್ವೆಟರ್ ನಿನ್ನ ಹತ್ತಿರವೇ ಇದೆಯಲ್ಲ, ಹಾಕಿಕೋ.

ನಿನ್ನ,
ಆಯಿ

ತಾ.ಕ.: ಮೇಲೆ ಬರೆಯದೆ ಬಿಟ್ಟದ್ದು ಒಂದಿದೆ. ಹೋದ ಸೋಮವಾರ ಚನಬಸವ್ವ ಫೋನು ಮಾಡಿದ್ದಳು. “ನಿಮ್ಮ ಮಗಳು ಎಲ್ಲಾ ಬರಕೊಂಡ್ಯಾಳ್ರಿ ಬಾಯಾರ. ಮೇಳ ಮುಗದಮ್ಯಾಲ ನಮ್ಮ ಜಾಗಾ ನಮಗ ಸಿಗ್ತದಲ್ರಿ?” ಅಂದಳು. ನಾನು “ಸಿಗ್ತದವ್ವಾ” ಎಂದೆ. ಇಷ್ಟೆಲ್ಲ ಆದ ಮೇಲೆಯೂ ನನ್ನ ಬಾಯಿ ಅದನ್ನೇ ಹೇಳಿತು. ಆದ್ದರಿಂದ ಈ ಪತ್ರವನ್ನು ಈಗಲೇ ಅವಳಿಗೆ ಓದಬೇಡ. ಇಪ್ಪತ್ತನೇ ತಾರೀಖು ಗುರುವಾರ ನಾನೇ ಬಂದು, ಸಿಗೂದಿಲ್ಲವ್ವಾ ಎಂದು ಅವಳೆದುರು ಕೂತು ಹೇಳುತ್ತೇನೆ. ಹನ್ನೊಂದು ಗಂಟೆಯ ಬಸ್ಸಿಗೆ ಸ್ಟ್ಯಾಂಡಿಗೆ ಬಾ. ನಾನು ಇಳಿಯದಿದ್ದರೆ, ವೈಜಾಪುರದಲ್ಲಿ ಮತ್ತೆ ಇಳಿದುಬಿಟ್ಟೆನೆಂದು ತಿಳಿದು, ನೀನೇ ಅವಳಿಗೆ ಇದನ್ನು ಓದಿ ಹೇಳು. ನಿಧಾನವಾಗಿಯೇ ಆಗಲಿ, ಒಂದು ಸಾಲೂ ಬಿಡದೆ.